ಮುಂದಿನ ಬರ ಬರುವ ಮುನ್ನ: ಕರ್ನಲ್ ಪೆನ್ನಿಕ್ವಿಕ್ ಮತ್ತು ಕಂಬಂ ಕಣಿವೆ

(ಶಾಲೆಯ ಶತಮಾನೋತ್ಸವ ಉಪನ್ಯಾಸ ಮಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಲಿಖಿತ ರೂಪ)



ಶತಮಾನೋತ್ಸವ ಸಮಿತಿಯವರು ನನಗೆ ಕೊಟ್ಟ ವಿಷಯ ‘ಸಾರ್ವಜನಿಕ ಸೇವೆ’. ಈ ಶಾಲೆಯಲ್ಲಿ ಓದಿದ ಅನೇಕರು ಕಂದಾಯ, ನೀರಾವರಿ, ಆರೋಗ್ಯ, ಪೊಲೀಸ್ ಇಲಾಖೆಗಳಲ್ಲಿ ದುಡಿದಿದ್ದಾರೆ, ದುಡಿಯುತ್ತಿದ್ದಾರೆ. ಅವರ ಮುಂದೆ ಸೇವೆಯ ಲಕ್ಷಣವನ್ನು ಸೂತ್ರರೂಪದಲ್ಲಿ ಹೇಳಹೊರಡುವುದು ಉಚಿತವಲ್ಲ. ಆದ್ದರಿಂದ ಒಬ್ಬ ಸರ್ಕಾರಿ ನೌಕರನ ವೃತ್ತಿಜೀವನವನ್ನು ನಿಮ್ಮ ಮುಂದಿಡುತ್ತೇನೆ. ಆತ ನಮ್ಮವನಲ್ಲ, ನಮ್ಮನ್ನಾಳುತ್ತಿದ್ದ ಸರ್ಕಾರದ ಸಂಬಳ ತಿಂದವನು. ಆದರೂ ತಮಿಳುನಾಡಿನ ತೇನಿ ಜಿಲ್ಲೆಯಲ್ಲಿ ಇಂದಿಗೂ ರೈತರು ಆತನ ಚಿತ್ರವನ್ನು ದೇವರ ಪಟಗಳ ಪಕ್ಕದಲ್ಲಿಟ್ಟಿದ್ದಾರೆ. ಮಕ್ಕಳಿಗೆ ಆತನ ಹೆಸರಿಟ್ಟವರೂ ಇದ್ದಾರೆ. ಆತನ ಹೆಸರು ಕರ್ನಲ್ ಜಾನ್ ಪೆನ್ನಿಕ್ವಿಕ್. ಮುಲ್ಲಪೆರಿಯಾರ್ ಅಣೆಕಟ್ಟನ್ನು ಕಟ್ಟಿಸಿದ ಎಂಜಿನಿಯರು.

ಕನ್ನಡ ಶಾಲೆಯ ಉತ್ಸವದಲ್ಲಿ ತಮಿಳು ಸೀಮೆಯ ಕಥೆಯೇಕೆ ಎಂದು ಯಾರಾದರೂ ಕೇಳಬಹುದು. ಕಂಬಂ ಕಣಿವೆ ಕನ್ನಡಕ್ಕೆ ಪರಕೀಯವಾದ ನೆಲವಲ್ಲ. ಶತಮಾನಗಳ ಹಿಂದೆ ಉತ್ತರದಿಂದ ವಲಸೆ ಹೋದ ಕಪ್ಪಿಲಿಯರು, ಅನುಪ್ಪರು ಮೊದಲಾದ ಒಕ್ಕಲು ಜನ ತೇನಿ, ದಿಂಡಿಗಲ್ ಭಾಗದಲ್ಲಿ ನೆಲೆಸಿ ಮನೆಯಲ್ಲಿ ಇಂದಿಗೂ ಕನ್ನಡವನ್ನು ಆಡುತ್ತಾರೆ. ಅವರ ಮಾತಿಗೆ ಲಿಪಿಯ ಆಸರೆಯಿಲ್ಲ. ಶಾಲೆಯ ಕಲಿಕೆ ತಮಿಳಿನಲ್ಲಿ. ಕಂಬಂ ಪೇಟೆಯ ನಂದಗೋಪಾಲನ ಗುಡಿಯಲ್ಲಿ ಕಪ್ಪಿಲಿಯರು ದೇವರ ದನಗಳ ದೊಡ್ಡಿಯನ್ನು ಕಾಪಾಡಿಕೊಂಡು ಬಂದಿದ್ದಾರೆ. ನಾನು ಆ ಕಣಿವೆಗೆ ಹೋದಾಗ ಒಬ್ಬ ಅಜ್ಜಿ ನೀರಿನ ಕಾಲುವೆಯ ದಡದಲ್ಲಿ ಮೊಮ್ಮಗನನ್ನು ಗದರಿಸುತ್ತಿದ್ದ ಮಾತು ನನಗೆ ಅರ್ಥವಾಯಿತು. ಪದಗಳು ಹಳೆಯವು, ರಾಗ ತಮಿಳಿನದು, ಬೈಗುಳ ಮಾತ್ರ ನಮ್ಮದೇ. ಆ ಕಾಲುವೆಯ ನೀರು ಎಲ್ಲಿಂದ ಬರುತ್ತದೆ ಎಂಬುದೇ ಇಂದಿನ ನನ್ನ ಮಾತಿನ ವಿಷಯ.

ಮೊದಲು ಭೂಗೋಳ. ಪಶ್ಚಿಮ ಘಟ್ಟ ಅಲ್ಲಿ ಗೋಡೆಯಂತೆ ನಿಂತಿದೆ. ಮುಂಗಾರು ಅರಬ್ಬೀ ಸಮುದ್ರದಿಂದ ಬಂದು ಘಟ್ಟದ ಪಶ್ಚಿಮದಲ್ಲಿ ಸುರಿದುಬಿಡುತ್ತದೆ. ಆ ನೀರನ್ನು ಹೊತ್ತ ಪೆರಿಯಾರ್ ನದಿ ಕೇರಳದ ಕಡೆಗೆ ಹರಿದು ಕಡಲು ಸೇರುತ್ತದೆ. ಘಟ್ಟದ ಪೂರ್ವಕ್ಕೆ ಮಳೆನೆರಳಿನ ಸೀಮೆ. ಅಲ್ಲಿ ಹರಿಯುವ ವೈಗೈ ನದಿ ವರ್ಷದ ಬಹುಕಾಲ ಮರಳಿನ ಪಾತ್ರ. ಗೂಡಲೂರು, ಕಂಬಂ, ಉತ್ತಮಪಾಳ್ಯಂ, ಚಿನ್ನಮನೂರುಗಳ ರೈತ ತಲೆಯೆತ್ತಿ ನೋಡಿದರೆ ಎದುರಿನ ಬೆಟ್ಟದ ಮೇಲೆ ಕರಿಮೋಡ ಕಾಣುತ್ತದೆ. ತಲೆ ತಗ್ಗಿಸಿದರೆ ಬಿರಿದ ಹೊಲ. ಕಣ್ಣಿಗೆ ಕಾಣುವ ಮಳೆ ಕೈಗೆ ಸಿಗದ ನೆಲ ಅದು.

ಇಂತಹ ನೆಲಕ್ಕೆ 1876ರಲ್ಲಿ ಮಹಾಕ್ಷಾಮ ಬಂತು. ನಮ್ಮ ಹಿರಿಯರು ಅದನ್ನು ಧಾತು–ಈಶ್ವರ ಸಂವತ್ಸರದ ಬರ ಎಂದು ಕರೆದರು; ತಮಿಳರೂ ಅದೇ ಧಾತು ವರ್ಷದ ಹೆಸರಿನಿಂದಲೇ ಅದನ್ನು ನೆನೆಯುತ್ತಾರೆ. ಒಂದೇ ಸಂವತ್ಸರದ ಹೆಸರು ಎರಡು ಭಾಷೆಗಳಲ್ಲಿ ಸಾವಿನ ಹೆಸರಾಗಿ ಉಳಿಯಿತು. ಮೈಸೂರು ಸಂಸ್ಥಾನದಲ್ಲಿ 1871ರ ಜನಗಣತಿಯಂತೆ 50 ಲಕ್ಷಕ್ಕೂ ಮಿಕ್ಕು ಜನರಿದ್ದರು. 1881ರ ಗಣತಿಯಲ್ಲಿ ಉಳಿದವರು ಸುಮಾರು 42 ಲಕ್ಷ. ಹತ್ತು ವರ್ಷದಲ್ಲಿ ಹೆಚ್ಚಬೇಕಿದ್ದ ಜನಸಂಖ್ಯೆ ಎಂಟು ಲಕ್ಷಕ್ಕೂ ಮೇಲೆ ಕುಸಿದಿತ್ತು. ಮದ್ರಾಸ್ ಪ್ರಾಂತದಲ್ಲಿ ಆದ ಹಾನಿ ಇನ್ನೂ ದೊಡ್ಡದು. ಬ್ರಿಟಿಷ್ ಆಡಳಿತದ ಪ್ರದೇಶಗಳಲ್ಲಿ ಆ ಕ್ಷಾಮಕ್ಕೆ ಬಲಿಯಾದವರು ಸುಮಾರು 55 ಲಕ್ಷ ಎಂಬುದು ಇತಿಹಾಸಕಾರರು ಸಾಮಾನ್ಯವಾಗಿ ಹೇಳುವ ಅಂದಾಜು. ಹಸಿವಿನಿಂದ ಸತ್ತವರಷ್ಟೇ ಅಲ್ಲ, ಹಸಿದ ಮೈಗೆ ತಗುಲಿದ ಕಾಲರಾ, ಜ್ವರಗಳಿಂದ ಸತ್ತವರೂ ಇದರಲ್ಲಿ ಸೇರಿದ್ದಾರೆ.

ವಿಪತ್ತು ಬಂದಾಗ ಅಧಿಕಾರಿಗಳು ಎಷ್ಟು ಬಗೆಯವರಿರುತ್ತಾರೆ ಎಂಬುದನ್ನು ಆ ಕ್ಷಾಮ ತೋರಿಸಿತು. ಖರ್ಚನ್ನು ಹಿಡಿತದಲ್ಲಿಡಲೆಂದು ಕಲ್ಕತ್ತೆಯ ಸರ್ಕಾರ ಸರ್ ರಿಚರ್ಡ್ ಟೆಂಪಲ್ ಎಂಬ ಹಿರಿಯ ಅಧಿಕಾರಿಯನ್ನು ದಕ್ಷಿಣಕ್ಕೆ ಕಳುಹಿಸಿತು. ಪರಿಹಾರ ಕಾಮಗಾರಿಯಲ್ಲಿ ಕಲ್ಲು ಹೊರುವ ಆಳಿಗೆ ದಿನಕ್ಕೆ ಒಂದು ಪೌಂಡ್, ಎಂದರೆ ಅರ್ಧ ಕಿಲೋಗೂ ಕಡಿಮೆ ಧಾನ್ಯ, ಅದರ ಮೇಲೆ ಒಂದಿಷ್ಟು ಪುಡಿಗಾಸು ಸಾಕು ಎಂದು ಆತ ಗೊತ್ತುಮಾಡಿದ. ಮದ್ರಾಸ್ ಪ್ರಾಂತದ ನೈರ್ಮಲ್ಯ ಆಯುಕ್ತರಾಗಿದ್ದ ಡಾಕ್ಟರ್ ಕಾರ್ನಿಷ್ ಇದನ್ನು ಬರಹದಲ್ಲಿಯೇ ವಿರೋಧಿಸಿದರು. ಮೈಮುರಿದು ದುಡಿಯುವವನ ದೇಹ ಇಷ್ಟರಲ್ಲಿ ನಿಲ್ಲುವುದಿಲ್ಲ ಎಂಬುದು ಅವರ ವಾದ. ಇಬ್ಬರೂ ಒಂದೇ ಸರ್ಕಾರದ ನೌಕರರೇ. ಒಬ್ಬರು ಖಜಾನೆಯ ಲೆಕ್ಕ ನೋಡಿದರು, ಇನ್ನೊಬ್ಬರು ಸಾವಿನ ಲೆಕ್ಕ ನೋಡಿದರು. ಹುದ್ದೆಯಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಕಾರ್ನಿಷರನ್ನು ನೆನಪಿಟ್ಟುಕೊಳ್ಳಬೇಕೆಂದು ನಾನು ಕೋರುತ್ತೇನೆ. ಮೇಲಿನವರ ಆದೇಶಕ್ಕೆ ಟಿಪ್ಪಣಿಯಲ್ಲಿ ಉತ್ತರ ಬರೆಯುವುದೂ ಸೇವೆಯೇ.

ಪೆನ್ನಿಕ್ವಿಕ್ ಮೂರನೆಯ ಬಗೆಯವರು. ಕ್ಷಾಮ ಕಳೆದ ಮೇಲೆ, ಗಂಜಿ ಕೇಂದ್ರಗಳು ಮುಚ್ಚಿದ ಮೇಲೆ, ಪತ್ರಿಕೆಗಳು ಬೇರೆ ಸುದ್ದಿಗೆ ಹೊರಳಿದ ಮೇಲೆ, ಮುಂದಿನ ಬರಕ್ಕೆ ಈಗಲೇ ಏನು ಮಾಡಬೇಕು ಎಂದು ಕೇಳಿದವರು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ನಮ್ಮಲ್ಲಿದೆ. ಅದನ್ನು ನಾವು ಹಾಸ್ಯಕ್ಕೆ ಬಳಸುತ್ತೇವೆ. ಆದರೆ ಸೂರೆ ಮತ್ತೆ ಮತ್ತೆ ಬರುವ ಊರಿನಲ್ಲಿ ಬಾಗಿಲು ಹಾಕುವವನೇ ಬುದ್ಧಿವಂತ.

ಪಶ್ಚಿಮದ ನದಿಯನ್ನು ಪೂರ್ವಕ್ಕೆ ತಿರುಗಿಸುವ ಕಲ್ಪನೆ ಪೆನ್ನಿಕ್ವಿಕ್ಕರದಲ್ಲ. ಹದಿನೆಂಟನೆಯ ಶತಮಾನದ ಕೊನೆಯಲ್ಲಿಯೇ ರಾಮನಾಡಿನ ಸೇತುಪತಿ ಅರಸರ ಪ್ರಧಾನಿ ಮುತ್ತಿರುಳಪ್ಪ ಪಿಳ್ಳೆ ಆ ಯೋಚನೆ ಮಾಡಿದ್ದರು. ಹಣ ಸಾಲದೆ ಅದು ಅಲ್ಲಿಗೇ ನಿಂತಿತು. 1808ರಲ್ಲಿ ಕಂಪನಿ ಸರ್ಕಾರದ ಕಾಲ್ಡ್‌ವೆಲ್ ಎಂಬ ಎಂಜಿನಿಯರು ಸ್ಥಳ ನೋಡಿ, ಇದು ಹಗಲುಗನಸು, ಇನ್ನು ಇದರ ಗೊಡವೆ ಬೇಡ ಎಂಬರ್ಥದ ವರದಿ ಕೊಟ್ಟರು. 1850ರಲ್ಲಿ ಸಣ್ಣ ಪ್ರಮಾಣದಲ್ಲಿ ಕೆಲಸ ಆರಂಭವಾಗಿ, ಆಳುಗಳು ಜ್ವರಕ್ಕೆ ತುತ್ತಾಗಿ, ಕೂಲಿ ಹೆಚ್ಚು ಕೇಳಿ, ಕೈಬಿಟ್ಟುಹೋಯಿತು. 1860ರ ದಶಕದಲ್ಲಿ ಕ್ಯಾಪ್ಟನ್ ರೈವ್ಸ್ ಮಣ್ಣಿನ ಏರಿಯೊಂದರ ನಕ್ಷೆ ಮಾಡಿದರು. ಅದರ ಮೇಲೆ ಚರ್ಚೆ ಸಾಗಿರುವಾಗಲೇ ಕ್ಷಾಮ ಬಂದು ಕಡತ ಮುಚ್ಚಿತು. ವಿಚಿತ್ರ ನೋಡಿ: ಯಾವ ಕ್ಷಾಮಕ್ಕಾಗಿ ಅಣೆಕಟ್ಟು ಬೇಕಿತ್ತೋ ಅದೇ ಕ್ಷಾಮ ಅಣೆಕಟ್ಟಿನ ಕಡತವನ್ನು ತಡೆಯಿತು. ಮತ್ತೆ ಅದೇ ಕ್ಷಾಮದ ನೆನಪು ಕಡತವನ್ನು ತೆರೆಯಿಸಿತು. 1882ರಲ್ಲಿ ಹೊಸ ನಕ್ಷೆ, ಹೊಸ ಅಂದಾಜು ತಯಾರಿಸುವ ಹೊಣೆ ಮೇಜರ್ ಪೆನ್ನಿಕ್ವಿಕ್ಕರ ಪಾಲಿಗೆ ಬಂತು. ಆಗ ಅವರಿಗೆ 41 ವರ್ಷ.

ಅವರ ಹಿನ್ನೆಲೆಯನ್ನು ಚುಟುಕಾಗಿ ಹೇಳುತ್ತೇನೆ. 1841ರ ಜನವರಿ 15ರಂದು ಪುಣೆಯಲ್ಲಿ ಹುಟ್ಟಿದರು. ತಂದೆ ಸೇನಾಧಿಕಾರಿ. 1849ರ ಜನವರಿ 13ರಂದು ಪಂಜಾಬಿನ ಚಿಲಿಯನ್‌ವಾಲಾ ಯುದ್ಧದಲ್ಲಿ ತಂದೆಯೂ ಅಣ್ಣನೂ ಒಂದೇ ದಿನ ಮಡಿದರು. ಎರಡು ದಿನ ಕಳೆದರೆ ಬಾಲಕನ ಎಂಟನೆಯ ಹುಟ್ಟುಹಬ್ಬ. ಇಂಗ್ಲೆಂಡಿನ ಚೆಲ್ಟೆನ್‌ಹ್ಯಾಂ ಶಾಲೆ, ಬಳಿಕ ಅಡಿಸ್‌ಕೂಂಬ್ ಸೈನಿಕ ವಿದ್ಯಾಲಯದಲ್ಲಿ ಓದಿ, 1858ರಲ್ಲಿ ಮದ್ರಾಸ್ ಎಂಜಿನಿಯರ್ಸ್ ಪಡೆ ಸೇರಿ, 1860ರಲ್ಲಿ ಭಾರತಕ್ಕೆ ಬಂದರು. ಅಬಿಸೀನಿಯಾ ದಂಡಯಾತ್ರೆಯ ಅವಧಿಯನ್ನು ಬಿಟ್ಟರೆ ಅವರ ಸೇವೆಯ ಬಹುಭಾಗ ಮದ್ರಾಸಿನ ಲೋಕೋಪಯೋಗಿ ಇಲಾಖೆಯಲ್ಲಿಯೇ ಕಳೆಯಿತು. ಸೈನ್ಯದ ಹುದ್ದೆಯಿದ್ದರೂ ಅವರು ಬಾಳೆಲ್ಲ ಮಾಡಿದ್ದು ಗಾರೆ, ಕಲ್ಲು, ನೀರಿನ ಕೆಲಸ.

ಪೆನ್ನಿಕ್ವಿಕ್ಕರ ಯೋಜನೆಯ ತಿರುಳು ಮಕ್ಕಳಿಗೂ ತಿಳಿಯುವಂಥದು. ಘಟ್ಟದ ಮೇಲೆ, ಸಮುದ್ರಮಟ್ಟದಿಂದ ಸುಮಾರು ಮೂರು ಸಾವಿರ ಅಡಿ ಎತ್ತರದಲ್ಲಿ ಪೆರಿಯಾರ್ ನದಿಗೆ 155 ಅಡಿ ಎತ್ತರದ, 1,200 ಅಡಿ ಉದ್ದದ ಕಟ್ಟೆ ಕಟ್ಟುವುದು. ಹಿಂದೆ ನಿಂತ ನೀರು ಬೆಟ್ಟದ ಸಂದುಗೊಂದುಗಳಲ್ಲಿ ಏರುತ್ತ ತೇಕ್ಕಡಿಯ ಕಡೆಗೆ ಹಿಮ್ಮೆಟ್ಟುವುದು. ಅಲ್ಲಿ ಒಂದು ಕಾಲುವೆ ಅಗೆದು, ಅದರ ತುದಿಯಲ್ಲಿ ಬೆಟ್ಟದ ಒಡಲನ್ನು ಕೊರೆದು, ಒಂದು ಮೈಲಿಗೂ ಉದ್ದವಾದ ಸುರಂಗದ ಮೂಲಕ ನೀರನ್ನು ಪೂರ್ವದ ಇಳಿಜಾರಿಗೆ ಬಿಡುವುದು. ನೀರು ತಾನಾಗಿ ಇಳಿದು ವೈರವನಾರು, ಸುರುಳಿಯಾರುಗಳನ್ನು ಕೂಡಿ ವೈಗೈ ಸೇರುತ್ತದೆ. ಪಂಪು ಬೇಡ, ಯಂತ್ರ ಬೇಡ. ಇಳಿಜಾರೇ ಕೆಲಸ ಮಾಡುತ್ತದೆ. ಈ ಕಾರಣದಿಂದಲೇ ಆ ವ್ಯವಸ್ಥೆ ಇಷ್ಟು ಕಾಲ ಬಾಳಿದೆ.

ಆದರೆ ಅಣೆಕಟ್ಟಿನ ಜಾಗ ತಿರುವಾಂಕೂರು ಸಂಸ್ಥಾನಕ್ಕೆ ಸೇರಿತ್ತು. 1886ರ ಅಕ್ಟೋಬರ್ 29ರಂದು ತಿರುವಾಂಕೂರು ಮತ್ತು ಬ್ರಿಟಿಷ್ ಸರ್ಕಾರಗಳ ನಡುವೆ ಗುತ್ತಿಗೆ ಕರಾರು ಆಯಿತು. 8,000 ಎಕರೆ, ಎಕರೆಗೆ ವರ್ಷಕ್ಕೆ 5 ರೂಪಾಯಿ, ಒಟ್ಟು 40,000 ರೂಪಾಯಿ ಬಾಡಿಗೆ, ಅವಧಿ 999 ವರ್ಷ. ಸಮಬಲರಲ್ಲದ ಇಬ್ಬರು ಮಾಡಿಕೊಂಡ ಕರಾರು ಅದು ಎಂಬುದನ್ನು ಮರೆಯಬಾರದು. ಆ ಅಸಮತೆಯ ನೆರಳು ಇಂದಿನವರೆಗೂ ಚಾಚಿದೆ. ಅದಕ್ಕೆ ಮುಂದೆ ಬರುತ್ತೇನೆ.

1887ರಲ್ಲಿ ಕೆಲಸ ಆರಂಭವಾಯಿತು. ಆ ಕಾಡಿನಲ್ಲಿ ದಾರಿಯಿರಲಿಲ್ಲ, ಊರಿರಲಿಲ್ಲ. ಆನೆಗಳ ಓಡಾಟದ ನಡುವೆ ಗುಡಿಸಲು ಹಾಕಬೇಕಿತ್ತು. ಮಳೆಗಾಲದಲ್ಲಿ ಹೊಳೆ ಉಕ್ಕಿ ಕೆಲಸ ನಿಲ್ಲುತ್ತಿತ್ತು. ಬೇಸಗೆಯ ತಿಂಗಳುಗಳಲ್ಲಿ ಜ್ವರ ಹಬ್ಬಿ ಆಳುಗಳು ಘಟ್ಟವಿಳಿದು ಹೋಗುತ್ತಿದ್ದರು. ಇವೆರಡರ ನಡುವೆ ಉಳಿದ ಕೆಲವೇ ತಿಂಗಳುಗಳಲ್ಲಿ ಕಟ್ಟೆ ಏಳಬೇಕಿತ್ತು. ಸಿಮೆಂಟಿನ ಬದಲು ಸುಣ್ಣ ಮತ್ತು ಸುರ್ಕಿ, ಎಂದರೆ ಸುಟ್ಟ ಇಟ್ಟಿಗೆಯ ಪುಡಿ, ಸೇರಿಸಿ ಅರೆದ ಗಾರೆ. ನಮ್ಮ ಅಜ್ಜಂದಿರ ಮನೆಗಳನ್ನು ನಿಲ್ಲಿಸಿದ ಗಾರೆಯೇ ಅದು. ಕೆಳಗಿನ ಬಯಲಿನಿಂದ ಸಾಮಗ್ರಿಯನ್ನು ಎತ್ತಿನ ಗಾಡಿಯಲ್ಲಿ, ತಂತಿಯ ಮೇಲೆ ಸಾಗುವ ತೊಟ್ಟಿಲುಗಳಲ್ಲಿ, ದೋಣಿಗಳಲ್ಲಿ ಹಂತಹಂತವಾಗಿ ಸಾಗಿಸಿದರು. ಕೂಲಿಯಾಳುಗಳ ಜೊತೆಗೆ ಮದ್ರಾಸ್ ಪಯನಿಯರ್ ಪಡೆಯ ಸಿಪಾಯಿಗಳೂ, ಕೊಚ್ಚಿಯಿಂದ ಬಂದ ಬಡಗಿಗಳೂ ದುಡಿದರು. ತಳಪಾಯ ಹಾಕಲೆಂದು ಹೊಳೆಯನ್ನು ತಡೆದು ಕಟ್ಟಿದ ತಾತ್ಕಾಲಿಕ ಒಡ್ಡುಗಳನ್ನು ಪ್ರವಾಹ ಮತ್ತೆ ಮತ್ತೆ ಕೊಚ್ಚಿಕೊಂಡು ಹೋಯಿತು. ಪ್ರತಿ ಸಲವೂ ಅವರು ಮರಳಿ ಕಟ್ಟಿದರು.

ಇಲ್ಲಿ ಒಂದು ಲೆಕ್ಕವನ್ನು ನಾವು ನಿಂತು ಓದಬೇಕು. ಆ ಕಾಮಗಾರಿಯ ವೇಳೆ ರೋಗದಿಂದ ಸತ್ತವರೆಂದು ದಾಖಲಾದವರು 483 ಮಂದಿ. ಮಲೇರಿಯ ಸೊಳ್ಳೆಯಿಂದ ಹರಡುತ್ತದೆ ಎಂಬುದನ್ನು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಕಂಡುಹಿಡಿದದ್ದು 1897ರಲ್ಲಿ, ಅಣೆಕಟ್ಟು ಮುಗಿದು ಎರಡು ವರ್ಷದ ಮೇಲೆ. ತಮ್ಮನ್ನು ಕೊಲ್ಲುತ್ತಿರುವುದು ಯಾವುದೆಂದು ತಿಳಿಯದೆಯೇ ಆ ಜನ ಸತ್ತರು. ಗೋರಿಯ ಕಲ್ಲಿನ ಮೇಲೆ ಹೆಸರು ಉಳಿದದ್ದು ಕೆಲವು ಯೂರೋಪಿಯನ್ನರದು. ಗಾರೆ ಹೊತ್ತ ಹೆಂಗಸರ, ಕಲ್ಲು ಒಡೆದ ಗಂಡಸರ ಹೆಸರು ಬಹುಮಟ್ಟಿಗೆ ಉಳಿದಿಲ್ಲ. ಪೆನ್ನಿಕ್ವಿಕ್ಕರನ್ನು ಗೌರವಿಸುವಾಗ ಈ ಹೆಸರಿಲ್ಲದವರನ್ನೂ ಸೇರಿಸಿ ನೆನೆಯದಿದ್ದರೆ ನಮ್ಮ ಗೌರವ ಅರ್ಧವಾಗುತ್ತದೆ.

1895ರ ಅಕ್ಟೋಬರ್ 10ರಂದು ಮದ್ರಾಸಿನ ಗವರ್ನರ್ ಲಾರ್ಡ್ ವೆನ್‌ಲಾಕ್ ನೀರು ಬಿಟ್ಟರು. ಪಶ್ಚಿಮದ ಮಳೆ ಪೂರ್ವದ ಹೊಲಕ್ಕೆ ಇಳಿಯಿತು. ಕಂಬಂ ಕಣಿವೆಯಲ್ಲಿ ಇಂದು 14,707 ಎಕರೆ ಗದ್ದೆ ಎರಡು ಬೆಳೆಗೆ ಈ ನೀರನ್ನು ನಂಬಿದೆ. ಸಾಮಾನ್ಯವಾಗಿ ಜೂನ್ ಮೊದಲ ದಿನ ಮುಂಗಾರಿನ ಮೊದಲ ಬೆಳೆಗೆ ನೀರು ಬಿಡುವ ಪದ್ಧತಿಯಿದೆ. ಕಣಿವೆಗೆ ಅದೊಂದು ಹಬ್ಬ. 2023ರಲ್ಲಿ ಭೌಗೋಳಿಕ ಸೂಚ್ಯಂಕ ಮಾನ್ಯತೆ ಪಡೆದ ಕಂಬಂ ಪನ್ನೀರು ದ್ರಾಕ್ಷಿ ಬೆಳೆಯುವುದೂ ಇದೇ ಕಣಿವೆಯಲ್ಲಿ. ವೈಗೈ ಸೇರಿದ ನೀರು ಮುಂದೆ ದಿಂಡಿಗಲ್ ಜಿಲ್ಲೆಯ ನಿಲಕ್ಕೋಟೈ ತಾಲ್ಲೂಕಿನ ಪೇರಣೈಯಲ್ಲಿ ಕಾಲುವೆಗೆ ತಿರುಗಿ ಮದುರೆಯ ಬಯಲಿಗೆ ಹೋಗುತ್ತದೆ. ಸ್ವಾತಂತ್ರ್ಯಾನಂತರ 1959ರಲ್ಲಿ ಆಂಡಿಪಟ್ಟಿಯ ಬಳಿ ವೈಗೈ ಅಣೆಕಟ್ಟು ಎದ್ದು ಈ ನೀರನ್ನು ಹಿಡಿದಿಡಲು ನೆರವಾಯಿತು. ಘಟ್ಟದ ಬುಡದಲ್ಲಿ ಅದೇ ನೀರಿನಿಂದ ವಿದ್ಯುತ್ತೂ ಹುಟ್ಟುತ್ತದೆ. ಹೀಗೆ ತೇನಿ, ದಿಂಡಿಗಲ್, ಮದುರೆ, ಶಿವಗಂಗೆ, ರಾಮನಾಥಪುರ ಎಂಬ ಐದು ಜಿಲ್ಲೆಗಳ ಬದುಕು ಒಂದು ಸುರಂಗದ ಬಾಯಿಗೆ ಕಟ್ಟಿಕೊಂಡಿದೆ.

ಪೆನ್ನಿಕ್ವಿಕ್ 1896ರಲ್ಲಿ ಭಾರತದ ಸೇವೆಯಿಂದ ನಿವೃತ್ತರಾದರು. ಆದರೆ ಕೆಲಸ ನಿಲ್ಲಲಿಲ್ಲ. ಭಾರತಕ್ಕೆ ಎಂಜಿನಿಯರುಗಳನ್ನು ತಯಾರಿಸುತ್ತಿದ್ದ ಕೂಪರ್ಸ್ ಹಿಲ್ ಕಾಲೇಜಿನ ಮುಖ್ಯಸ್ಥರಾಗಿ ಮೂರು ವರ್ಷ ಪಾಠದ ಲೋಕದಲ್ಲಿದ್ದರು. ಅಧ್ಯಾಪಕಳಾದ ನನಗೆ ಇದು ವಿಶೇಷ ಸಂತೋಷದ ಸಂಗತಿ: ಕಲಿತದ್ದನ್ನು ಕಲಿಸದೆ ಅವರು ಮನೆ ಸೇರಲಿಲ್ಲ. 1893ರಲ್ಲಿ ಆಸ್ಟ್ರೇಲಿಯದ ಬ್ರಿಸ್ಬೇನ್ ನಗರ ಘೋರ ಪ್ರವಾಹಕ್ಕೆ ಸಿಕ್ಕಿತ್ತು. ಮುಂದೆ ಅಂತಹ ಪ್ರವಾಹಗಳ ಹಾವಳಿಯನ್ನು ತಗ್ಗಿಸುವುದು ಹೇಗೆಂದು 1899ರಲ್ಲಿ ಕ್ವೀನ್ಸ್‌ಲ್ಯಾಂಡ್ ಸರ್ಕಾರ ಅವರ ಸಲಹೆ ಪಡೆಯಿತು. ಬರದ ಸೀಮೆಗೆ ನೀರು ತಂದವರೇ ನೀರು ಹೆಚ್ಚಾಗಿ ನೊಂದ ಊರಿಗೂ ವರದಿ ಬರೆದರು. 1911ರ ಮಾರ್ಚ್ 9ರಂದು ಇಂಗ್ಲೆಂಡಿನ ಕ್ಯಾಂಬರ್ಲಿಯಲ್ಲಿ ತೀರಿಕೊಂಡರು.

ಈಗ ಕಣಿವೆಯ ನೆನಪಿಗೆ ಬರೋಣ. ಗೂಡಲೂರಿನ ಬಳಿಯ ಲೋವರ್ ಕ್ಯಾಂಪಿನಲ್ಲಿ 2013ರಲ್ಲಿ ಪೆನ್ನಿಕ್ವಿಕ್ ಸ್ಮಾರಕ ಮಂಟಪ ತೆರೆಯಿತು. ತೇನಿಯ ಹೊಸ ಬಸ್ ನಿಲ್ದಾಣಕ್ಕೆ ಅವರ ಹೆಸರಿದೆ. ಅವರ ಹುಟ್ಟಿದ ದಿನ ಸಂಕ್ರಾಂತಿಯ ಆಸುಪಾಸಿಗೆ ಬೀಳುವುದರಿಂದ ಪಾಲಾರ್‌ಪಟ್ಟಿ ಮೊದಲಾದ ಊರುಗಳಲ್ಲಿ ಜನ ಹೊಸ ಅಕ್ಕಿಯ ಪೊಂಗಲನ್ನು ಅವರ ಹೆಸರಿನಲ್ಲಿ ಉಕ್ಕಿಸುತ್ತಾರೆ. ಇವುಗಳಲ್ಲಿ ಕೆಲವು ಸರ್ಕಾರದವು. ಆದರೆ ಮಡಕೆಯಲ್ಲಿ ಉಕ್ಕುವ ಪೊಂಗಲಿಗೆ ಯಾವ ಸರ್ಕಾರವೂ ಆದೇಶ ಹೊರಡಿಸಲಾರದು.

ಆ ಜನರು ಹೇಳುವ ಒಂದು ಕಥೆಯಿದೆ. ಪ್ರವಾಹ ಒಡ್ಡನ್ನು ಕೊಚ್ಚಿದಾಗ ಸರ್ಕಾರ ಹಣ ಕೊಡಲು ನಿರಾಕರಿಸಿತು. ಪೆನ್ನಿಕ್ವಿಕ್ ಇಂಗ್ಲೆಂಡಿಗೆ ಹೋಗಿ ತಮ್ಮ ಆಸ್ತಿಯನ್ನೂ ಹೆಂಡತಿಯ ಒಡವೆಯನ್ನೂ ಮಾರಿ ಹಣ ತಂದು ಕೆಲಸ ಮುಗಿಸಿದರು ಎಂದು. ಈ ಕಥೆಗೆ ದಾಖಲೆಗಳ ಬೆಂಬಲವಿಲ್ಲ. ಅಣೆಕಟ್ಟು ಸರ್ಕಾರದ ಹಣದಿಂದ, ಸರ್ಕಾರದ ಲೆಕ್ಕದಲ್ಲಿ ಕಟ್ಟಿದ್ದು. ತರಗತಿಯಲ್ಲಿ ನಾನು ಈ ಪಾಠ ಮಾಡುವುದಾದರೆ ಕಥೆಯನ್ನು ಕಥೆಯೆಂದೇ ಹೇಳುತ್ತೇನೆ. ಅದರಿಂದ ಆ ಮನುಷ್ಯ ಚಿಕ್ಕವನಾಗುವುದಿಲ್ಲ. ಆಸ್ತಿ ಮಾರುವುದು ಒಂದು ದಿನದ ತ್ಯಾಗ. ಹದಿಮೂರು ವರ್ಷ ಒಂದೇ ಯೋಜನೆಯ ಹಿಂದೆ ಬಿದ್ದು, ಅಂದಾಜು ಬರೆದು, ಆಕ್ಷೇಪಕ್ಕೆ ಉತ್ತರ ಬರೆದು, ಕೊಚ್ಚಿಹೋದುದಕ್ಕೆ ಕಾರಣ ಬರೆದು, ಮತ್ತೆ ಮಂಜೂರಾತಿ ಪಡೆದು ಕಟ್ಟುವುದು ಅದಕ್ಕಿಂತ ಕಠಿಣ. ದಂತಕಥೆ ನಮ್ಮನ್ನು ಕೈಮುಗಿಯುವಂತೆ ಮಾಡುತ್ತದೆ. ದಾಖಲೆ ನಮ್ಮನ್ನು ಕೆಲಸಕ್ಕೆ ಹಚ್ಚುತ್ತದೆ. ಆಸ್ತಿ ಮಾರಲು ನಮ್ಮಲ್ಲಿ ಎಷ್ಟು ಜನರಿಗೆ ಸಾಧ್ಯ? ಕಡತವನ್ನು ಬಿಡದೆ ಹಿಡಿಯಲು ಎಲ್ಲರಿಗೂ ಸಾಧ್ಯ. ಆದರೂ ಜನ ಆ ಕಥೆಯನ್ನು ಏಕೆ ಕಟ್ಟಿದರು ಎಂಬುದನ್ನೂ ಯೋಚಿಸಬೇಕು. ಸರ್ಕಾರ ಎಂಬುದು ತಮಗಾಗಿ ಇಷ್ಟು ದುಡಿಯಬಹುದು ಎಂದು ನಂಬಲು ಕ್ಷಾಮ ಕಂಡ ಜನಕ್ಕೆ ಆಗಲಿಲ್ಲ. ಒಬ್ಬ ಮನುಷ್ಯ ದುಡಿದ ಎಂದು ನಂಬುವುದು ಸುಲಭವಾಯಿತು.

ಆ ಸರ್ಕಾರವನ್ನು ನಾನು ಹೊಗಳುತ್ತಿಲ್ಲ. ಹಾಕಿದ ಬಂಡವಾಳಕ್ಕೆ ನೀರುಗಂದಾಯದಿಂದ ಏನು ಬರುತ್ತದೆ ಎಂಬ ಪ್ರಶ್ನೆ ಆ ಕಾಲದ ಪ್ರತಿ ನೀರಾವರಿ ಯೋಜನೆಯ ಬೆನ್ನಿಗಿತ್ತು. ನೀರು ಮೊದಲು ತಲುಪಿದ್ದು ನೆಲವಿದ್ದವರಿಗೆ; ನೆಲವಿಲ್ಲದವರಿಗೆ ಅದು ಕೂಲಿಯ ರೂಪದಲ್ಲಿ ತಲುಪಿತು. ಆದರೂ ಬರದ ವರ್ಷದಲ್ಲಿ ಊರಿನಲ್ಲಿ ಕೂಲಿ ಇರುವುದು, ಊರು ಬಿಟ್ಟು ಹೋಗದಿರುವುದು ಸಣ್ಣ ಮಾತಲ್ಲ. ಪುನರ್ವಸತಿ ಎಂದು ಇಂದು ನಾವು ಯಾವುದನ್ನು ಕರೆಯುತ್ತೇವೆಯೋ ಅದರ ನಿಜವಾದ ಗುರುತು ಇದೇ: ಮುಂದಿನ ವರ್ಷವೂ ಅದೇ ಊರಿನ ಶಾಲೆಯಲ್ಲಿ ಅದೇ ಮಗುವಿನ ಹಾಜರಿ.

ಇನ್ನೊಂದು ಮಗ್ಗುಲನ್ನು ಹೇಳದಿದ್ದರೆ ನನ್ನ ಮಾತು ಏಕಪಕ್ಷೀಯವಾಗುತ್ತದೆ. ಅಣೆಕಟ್ಟಿನ ಕೆಳಗೆ, ಕೇರಳದ ಇಡುಕ್ಕಿ ಜಿಲ್ಲೆಯ ವಂಡಿಪೆರಿಯಾರ್ ಮೊದಲಾದ ಊರುಗಳಲ್ಲಿ ಜನರಿದ್ದಾರೆ. ಸುಣ್ಣದ ಗಾರೆಯ ಹಳೆಯ ಕಟ್ಟೆ ತಮ್ಮ ತಲೆಯ ಮೇಲಿದೆ ಎಂಬ ಭಯ ಅವರದು. 1979ರ ಆಗಸ್ಟಿನಲ್ಲಿ ಗುಜರಾತಿನ ಮೋರ್ಬಿ ಅಣೆಕಟ್ಟು ಒಡೆದು ದುರಂತವಾದ ಮೇಲೆ ಆ ಭಯ ಇಮ್ಮಡಿಸಿತು. ಅದೇ ವರ್ಷ ನೀರಿನ ಮಟ್ಟವನ್ನು 136 ಅಡಿಗೆ ಇಳಿಸಲಾಯಿತು. ಬಳಿಕ ಕಟ್ಟೆಯ ಮೇಲೆ ಕಾಂಕ್ರೀಟ್ ಹೊದಿಕೆ ಹಾಕಿ, ಉಕ್ಕಿನ ಹುರಿಗಳಿಂದ ಬಂಡೆಗೆ ಬಿಗಿದು, ಹಿಂಬದಿಗೆ ಕಾಂಕ್ರೀಟ್ ಆಸರೆ ಕಟ್ಟಿ ಬಲಪಡಿಸಿದರು. ಮೊಕದ್ದಮೆಗಳು ನಡೆದವು. 2014ರ ಮೇ 7ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 142 ಅಡಿಯವರೆಗೆ ನೀರು ನಿಲ್ಲಿಸಲು ಅನುಮತಿ ನೀಡಿ, ಉಸ್ತುವಾರಿಗೆ ಸಮಿತಿಯನ್ನು ನೇಮಿಸಿತು. ಹೊಸ ಅಣೆಕಟ್ಟು ಬೇಕೆಂಬುದು ಕೇರಳದ ಬೇಡಿಕೆ. ಇರುವುದು ಭದ್ರವಾಗಿದೆ ಎಂಬುದು ತಮಿಳುನಾಡಿನ ನಿಲುವು.

ಒಂದು ಕಡೆ ಬಾಯಾರಿಕೆಯ ಭಯ, ಇನ್ನೊಂದು ಕಡೆ ಪ್ರವಾಹದ ಭಯ. ಎರಡೂ ಸುಳ್ಳಲ್ಲ. ಎರಡು ಕಡೆಯ ಮಕ್ಕಳೂ ಬೆಳಗ್ಗೆ ಶಾಲೆಗೆ ಹೋಗುವವರೇ. ನದಿ ನೀರಿನ ಜಗಳ ಕನ್ನಡಿಗರಿಗೆ ಹೊಸದಲ್ಲವಾದ್ದರಿಂದ ಈ ಮಾತನ್ನು ನಾವು ಇತರರಿಗಿಂತ ಬೇಗ ತಿಳಿದುಕೊಳ್ಳಬಲ್ಲೆವು. ಕಟ್ಟಿದವನ ಕೆಲಸ ಕಟ್ಟಿದ ದಿನ ಮುಗಿಯುತ್ತದೆ. ಕಾಯುವವರ ಕೆಲಸಕ್ಕೆ ಕೊನೆಯ ದಿನವಿಲ್ಲ. ಸೋರುವ ನೀರನ್ನು ದಿನವೂ ಅಳೆದು ಪುಸ್ತಕದಲ್ಲಿ ಬರೆಯುವ ಕಿರಿಯ ಎಂಜಿನಿಯರಿಗೆ ಯಾರೂ ಮಂಟಪ ಕಟ್ಟುವುದಿಲ್ಲ. ಆದರೆ ಕೆಳಗಿನ ಊರುಗಳ ನಿದ್ದೆ ಆತನ ಪ್ರಾಮಾಣಿಕತೆಯ ಮೇಲೆ ನಿಂತಿದೆ.

ನಮ್ಮ ನಾಡಿನಲ್ಲಿಯೂ ಇದೇ ಪರಂಪರೆಯಿದೆ. ಧಾತು–ಈಶ್ವರ ಬರದ ಸಾಲ 80 ಲಕ್ಷ ರೂಪಾಯಿಯನ್ನು ಹೊತ್ತುಕೊಂಡೇ 1881ರಲ್ಲಿ ಮೈಸೂರು ಸಂಸ್ಥಾನ ಒಡೆಯರ ಕೈಗೆ ಮರಳಿತು. ದಿವಾನ್ ರಂಗಾಚಾರ್ಲು ಆ ಸ್ಥಿತಿಯಲ್ಲಿಯೂ ರೈಲು ಹಾದಿಯ ಕೆಲಸ ಬಿಡಲಿಲ್ಲ. ಧಾನ್ಯ ಇರುವ ಊರಿನಿಂದ ಇಲ್ಲದ ಊರಿಗೆ ಸಾಗಲು ದಾರಿಯಿಲ್ಲದೆ ಜನ ಸತ್ತದ್ದನ್ನು ಆ ತಲೆಮಾರು ಕಂಡಿತ್ತು. ಹಿರಿಯೂರಿನ ಮಾರಿಕಣಿವೆಯಲ್ಲಿ 1907ರಲ್ಲಿ ವಾಣಿವಿಲಾಸ ಸಾಗರ ಪೂರ್ಣಗೊಂಡಿತು. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಹೈದರಾಬಾದನ್ನು ಮುಳುಗಿಸಿದಾಗ ನಿಜಾಮ ಸರ್ಕಾರ ಕರೆಸಿದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ನಗರದ ಮೇಲ್ಭಾಗದಲ್ಲಿ ಪ್ರವಾಹವನ್ನು ತಡೆದು ನಿಲ್ಲಿಸಬೇಕು ಎಂಬ ಅವರ ಸಲಹೆಯಿಂದ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಎದ್ದವು. ಕೊಂದ ನೀರೇ ಕುಡಿಯುವ ನೀರಾಯಿತು. ಮುಂದೆ ಕನ್ನಂಬಾಡಿಯನ್ನು ಕಟ್ಟಿದ್ದೂ ಇದೇ ಸುರ್ಕಿ ಗಾರೆಯಿಂದ.

ಹಳೆಯ ವಿದ್ಯಾರ್ಥಿಗಳಲ್ಲಿ ಸರ್ಕಾರಿ ಸೇವೆಯಲ್ಲಿರುವವರಿಗೆ ನನ್ನ ಬಿನ್ನಹ ಒಂದೇ. ವಿಪತ್ತಿನ ದಿನ ನಿಮ್ಮ ಭಾವಚಿತ್ರ ಪತ್ರಿಕೆಯಲ್ಲಿ ಬರಬಹುದು. ವಿಪತ್ತಿಲ್ಲದ ವರ್ಷಗಳಲ್ಲಿ ನೀವು ಹೂಳೆತ್ತಿಸಿದ ಕೆರೆ, ದುರಸ್ತಿ ಮಾಡಿಸಿದ ತೂಬು, ತೆರವು ಮಾಡಿಸಿದ ರಾಜಕಾಲುವೆ ಯಾವ ಪತ್ರಿಕೆಯಲ್ಲೂ ಬಾರದು. ದಯವಿಟ್ಟು ಆ ಎರಡನೆಯ ಕೆಲಸವನ್ನು ಬಿಡಬೇಡಿ.

ಪೋಷಕರಿಗೆ ಇನ್ನೊಂದು ಮಾತು. ಮನೆಯ ಹಿರಿಯರು ಬದುಕಿರುವಾಗಲೇ ಅವರು ಕಂಡ ಬರ, ನೆರೆ, ಗುಳೆಗಳ ನೆನಪನ್ನು ಮಕ್ಕಳಿಂದ ಬರೆಯಿಸಿ. ಯಾವ ವರ್ಷ ಬಾವಿ ಬತ್ತಿತು, ಎಷ್ಟು ಅಡಿಗೆ ನೀರು ಸಿಕ್ಕಿತು, ನೆರೆ ಯಾವ ಮನೆಯ ಮೆಟ್ಟಿಲಿನವರೆಗೆ ಬಂತು ಎಂಬುದು ಊರಿಗೆ ಬೇಕಾದ ಮಾಹಿತಿ. ಊರಿನ ನೆನಪು ಮೂರನೆಯ ತಲೆಮಾರಿಗೆ ಅಳಿಸುತ್ತದೆ. ಬರ ಅಷ್ಟು ಕಾಲ ಕಾಯುವುದಿಲ್ಲ. ಶತಮಾನೋತ್ಸವದ ನೆನಪಿಗೆ ಶಾಲೆಯ ಅಂಗಳದಲ್ಲಿ ಮಳೆಮಾಪಕವೊಂದನ್ನು ನೆಟ್ಟು, ಏಳನೆಯ ತರಗತಿಯ ಮಕ್ಕಳು ಪ್ರತಿದಿನ ಅಳತೆ ಬರೆಯುವ ದಪ್ಪ ಪುಸ್ತಕವೊಂದನ್ನು ಆರಂಭಿಸಬೇಕೆಂದು ಅಧ್ಯಾಪಕ ವೃಂದ ತೀರ್ಮಾನಿಸಿದೆ. ಅದರ ಮೊದಲ ಪುಟ ತುಂಬುವವರು ಇಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಅದರ ಕೊನೆಯ ಪುಟವನ್ನು ಓದುವವರು ಇನ್ನೂ ಹುಟ್ಟಿಲ್ಲ. ರಜಾದಿನ ಮಳೆ ಬಂದರೆ ಯಾರು ಅಳೆಯಬೇಕು ಎಂದು ಒಬ್ಬ ಹುಡುಗಿ ಈಗಾಗಲೇ ಕೇಳಿದ್ದಾಳೆ. ಆ ಪ್ರಶ್ನೆ ಕೇಳಿದವಳಿಗೇ ಭಾನುವಾರದ ಹೊಣೆಯನ್ನು ಒಪ್ಪಿಸಿದ್ದೇವೆ.